ಖಾರ ನಿಮ್ಮದು, ತಕ್ಕಡಿ ಎಲ್ಲರದು

ಬೇಕಾದ್ದನ್ನು ಆರಿಸಿ, ತೂಗಿಸಿ, ಖಾರ ಎಷ್ಟೆಂದು ಹೇಳಿ ಉಣ್ಣುವ ಚೀನಾದ ‘ಮಾಲಾತಾಂಗ್’ ಈಗ ದೇಶ ದೇಶ ಸುತ್ತುತ್ತಿದೆ. ಸೋಲಾಪುರ, ಅಕ್ಕಲಕೋಟೆಯ ಮನೆಗಳಲ್ಲಿ ಇದೇ ಕೆಲಸ ವರ್ಷಕ್ಕೊಮ್ಮೆ ನಡೆಯುತ್ತದೆ, ಸುಡುಬೇಸಿಗೆಯಲ್ಲಿ, ಖಾರ ಕುಟ್ಟುವ ಡಂಕಿನ ಮುಂದೆ.

ಏಪ್ರಿಲ್ ತಿಂಗಳಲ್ಲಿ ಸೋಲಾಪುರದೊಳಗೆ ಡಂಕ್ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಎರಡು ಗಲ್ಲಿ ಆಚೆಗೇ ಮೂಗು ದಾರಿ ಹೇಳುತ್ತದೆ; ಒಂದು ಗಲ್ಲಿ ದಾಟಿದರೆ ಸೀನು ಶುರು. ತಗಡಿನ ಶೆಡ್ಡು, ಒಳಗೆ ಸಾಲಾಗಿ ಕಬ್ಬಿಣದ ಒರಳು, ಒಂದೊಂದರೊಳಕ್ಕೂ ಮೇಲಿಂದ ಧಪ್ ಧಪ್ ಎಂದು ಬೀಳುವ ಕಬ್ಬಿಣದ ಒನಕೆ. ಮೋಟಾರು ತಿರುಗಿದಂತೆಲ್ಲ ಒಂದು ಏಳುತ್ತದೆ, ಇನ್ನೊಂದು ಇಳಿಯುತ್ತದೆ. ಕುಟ್ಟುವವನ ಮೂಗು ಬಾಯಿಗೆ ಟವೆಲ್ ಸುತ್ತಿದೆ, ಕಣ್ಣರೆಪ್ಪೆಯ ಮೇಲೆಲ್ಲ ಕೆಂಪು ಧೂಳು. ಹೊರಗೆ ಕಟ್ಟೆಯ ಮೇಲೆ ಸ್ಟೀಲ್ ಡಬ್ಬಿ, ಬಟ್ಟೆಯ ಚೀಲ, ಹಳೇ ಸೀರೆಯ ಗಂಟುಗಳ ಪಾಳಿ. ಗಂಟಿನ ಒಡತಿಯರು ಸೆರಗನ್ನು ಮೂಗಿಗೆ ಹಿಡಿದು ನೆರಳಿಗೆ ನಿಂತಿದ್ದಾರೆ. ಕಣ್ಣು ಮಾತ್ರ ತಂತಮ್ಮ ಗಂಟಿನ ಮೇಲೇ.

“ಎಷ್ಟ ಆತು?”

“ಮೂರೂವರಿ ಕಿಲೋ. ಬಾರೀಕ ಮಾಡ್ಲೇನ್ರೀ ಮಾಂವಶಿ?”

“ಭಾಳ ಬಾರೀಕ ಬ್ಯಾಡೋ. ಅಂದಂಗ, ನಮ್ಮಕಿಂತ ಮೊದಲ ಯಾರದು ಹಾಕಿದ್ದಿ? ಅದರಾಗ ಬಳ್ಳೊಳ್ಳಿ ಇತ್ತೇನು?”

“ಇಲ್ರೀ, ಬರೇ ಮೆಣಸಿನಕಾಯಿ.”

“ಹಂಗಾರ ಹಾಕು.”

ಸಾಮಾನು ತಂದವಳು ಅವಳು. ಯಾವುದು ಎಷ್ಟು ಎಂದು ಲೆಕ್ಕ ಹಾಕಿದವಳು ಅವಳು. ನುಣ್ಣಗೋ ತರಿಯೋ ಎಂದು ಹೇಳುವವಳೂ ಅವಳೇ. ಡಂಕಿನವನ ಪಾಲಿಗೆ ಉಳಿದದ್ದು ತಕ್ಕಡಿ ಮತ್ತು ದುಡಿಮೆ; ಕಿಲೋಗೆ ಇಷ್ಟು ಎಂದು ದರ, ಒಳಗೆ ಏನಿದೆ ಎಂಬುದು ಅವನ ಲೆಕ್ಕಕ್ಕಿಲ್ಲ. ಚೀನಾದ ಯಾವುದಾದರೂ ಊರಿನಲ್ಲಿ ಮಾಲಾತಾಂಗ್ ಅಂಗಡಿಯ ಗಲ್ಲಾದ ಮುಂದೆ ನಿಂತವರಿಗೆ ಈ ವ್ಯವಹಾರ ಹೊಸದೆನಿಸುವುದಿಲ್ಲ. ಅಲ್ಲಿಯೂ ಆಯ್ಕೆ ಗಿರಾಕಿಯದು, ದರ ತೂಕದ್ದು, ಕೊನೆಗೆ ಕೇಳುವ ಪ್ರಶ್ನೆ ಖಾರದ್ದು.

ಬಟ್ಟಲು, ಇಕ್ಕಳ, ತಕ್ಕಡಿ

‘ಮಾ’ ಎಂದರೆ ಜುಮ್ಮೆನ್ನುವುದು, ಮರಗಟ್ಟುವುದು. ‘ಲಾ’ ಎಂದರೆ ಖಾರ. ‘ತಾಂಗ್’ ಎಂದರೆ ಸುಡುಸುಡು, ಕುದಿನೀರಿನಲ್ಲಿ ಅದ್ದಿ ತೆಗೆದದ್ದು. ಮೂರು ಅಕ್ಷರದಲ್ಲೇ ಅಡುಗೆಯ ಕ್ರಮವೆಲ್ಲ ಬಂತು.

ಅಂಗಡಿಯೊಳಗೆ ಹೋದ ಕೂಡಲೇ ಮೆನು ಹಿಡಿದು ಯಾರೂ ಬರುವುದಿಲ್ಲ. ಒಂದು ದೊಡ್ಡ ಬಟ್ಟಲು, ಒಂದು ಇಕ್ಕಳ ಕೈಗೆ ಬರುತ್ತದೆ. ಗೋಡೆಯುದ್ದಕ್ಕೂ ತಣ್ಣನೆಯ ಕಪಾಟು: ಎಲೆಕೋಸು, ಪಾಲಕ್, ಅಣಬೆ, ತಾವರೆ ಗೆಡ್ಡೆಯ ಬಿಲ್ಲೆ, ಆಲೂಗಡ್ಡೆ, ಸೋಯಾ ಹಾಲಿನ ಕೆನೆಯನ್ನು ಒಣಗಿಸಿದ ಹಾಳೆ, ತೋಫು, ಮೀನಿನ ಉಂಡೆ, ತೆಳ್ಳಗೆ ಕೊಯ್ದ ಮಾಂಸ, ಗೋಧಿ ಶ್ಯಾವಿಗೆ, ಗೆಣಸಿನ ಹಿಟ್ಟಿನ ಗಾಜಿನಂಥ ಶ್ಯಾವಿಗೆ. ಬೇಕಾದ್ದನ್ನು ಬೇಕಾದಷ್ಟು ತುಂಬಿಕೊಂಡು ಗಲ್ಲಾಕ್ಕೆ ಹೋದರೆ ಅಲ್ಲಿ ತೂಕ. ಸಾಮಾನ್ಯವಾಗಿ ಎಲ್ಲಕ್ಕೂ ಒಂದೇ ದರ; ಕೆಲವೆಡೆ ಮಾಂಸಕ್ಕೆ ಬೇರೆ. ಯಾವ ಸಾರು, ಎಷ್ಟು ಖಾರ ಎಂದು ಹೇಳಿ ಕೂತರೆ, ಒಳಗೆ ಕುದಿಯುವ ಸಾರಿನಲ್ಲಿ ಅದ್ದಿ ಬೇಯಿಸಿ ನಿಮ್ಮ ಬಟ್ಟಲು ನಿಮಗೇ ಬರುತ್ತದೆ.

ಇದರ ತವರು ಸಿಚುವಾನ್ ಪ್ರಾಂತ್ಯ. ನದಿಯಲ್ಲಿ ಪ್ರವಾಹಕ್ಕೆದುರಾಗಿ ದೋಣಿ ಎಳೆಯುವ ಕೂಲಿಗಳು ದಂಡೆಯಲ್ಲಿ ಕಲ್ಲು ಹೂಡಿ, ಮಡಕೆಯಿಟ್ಟು, ಸಿಕ್ಕ ಸೊಪ್ಪನ್ನು ಮೆಣಸಿನಕಾಯಿಯ ಜೊತೆ ಕುದಿಸಿ ತಿನ್ನುತ್ತಿದ್ದರು, ಆ ಕಡೆಯ ತೇವದ ಚಳಿಗೆ ಅದೇ ಮದ್ದಾಗಿತ್ತು ಎಂಬ ಕಥೆಯನ್ನು ಅಲ್ಲಿಯವರು ಹೇಳುತ್ತಾರೆ. ದಂಡೆಯಿಂದ ಅದು ಬೀದಿಗೆ ಬಂತು, ಕಡ್ಡಿಗೆ ಚುಚ್ಚಿಟ್ಟು ಕಡ್ಡಿ ಎಣಿಸಿ ದುಡ್ಡು ತೆಗೆದುಕೊಳ್ಳುವ ತಿಂಡಿಯಾಯಿತು. ಕಡ್ಡಿಯ ಲೆಕ್ಕ ಹೋಗಿ ತೂಕದ ಲೆಕ್ಕ ಊರೂರಿಗೆ ಹರಡಿದ್ದು ಬಹುಮಟ್ಟಿಗೆ ಈಶಾನ್ಯ ಚೀನಾದ ಹಾರ್ಬಿನ್ ಕಡೆಯ ಅಂಗಡಿಗಳಿಂದ. ಯಾಂಗ್ ಗುವೋಫು, ಝಾಂಗ್ ಲಿಯಾಂಗ್ ಎಂಬ ಹೆಸರಿನ ಫಲಕಗಳು ಈಗ ಚೀನಾದ ಆಚೆಗೂ ಕಾಣುತ್ತವೆ. ಅವರು ಖಾರ ತಗ್ಗಿಸಿ, ಎಲುಬಿನ ಬಿಳಿ ಸಾರು ಹಾಕಿ, ಮೇಲೆ ಎಳ್ಳಿನ ಗೊಜ್ಜು ಸುರಿದು, ಸಿಚುವಾನಿನ ನಾಲಗೆಯಿಲ್ಲದವರೂ ತಿನ್ನುವಂತೆ ಮಾಡಿದರು. ನಮ್ಮವರಲ್ಲಿ ಸಸ್ಯಾಹಾರಿಗಳು ನೆನಪಿಡಬೇಕಾದ ಮಾತು ಇದೇ: ಬಟ್ಟಲಿನಲ್ಲಿ ಬರೀ ಸೊಪ್ಪು ತುಂಬಿಕೊಂಡರೂ ಸಾರು ಎಲುಬಿನದಿರಬಹುದು. ಕೇಳಿಯೇ ಕೂರಬೇಕು.

2024ರ ವಸಂತದಲ್ಲಿ ಗಾನ್ಸು ಪ್ರಾಂತ್ಯದ ತಿಯಾನ್‌ಶುಯಿ ಎಂಬ ಊರಿನ ಮಾಲಾತಾಂಗ್ ವಿಡಿಯೊಗಳು ಮೊಬೈಲಿನಿಂದ ಮೊಬೈಲಿಗೆ ಹಾರಿ, ಅದನ್ನು ತಿನ್ನಲೆಂದೇ ಜನ ರೈಲು ಹತ್ತಿ ಹೋದರು. ಅಲ್ಲಿಯ ವಿಶೇಷ ದೊಡ್ಡದೇನಲ್ಲ. ಪಕ್ಕದ ಗಾನ್ಗು ಕಡೆ ಬೆಳೆಯುವ ಮೆಣಸಿನಕಾಯಿಯ ಪುಡಿ, ಅಗಲವಾದ ಆಲೂಗಡ್ಡೆ ಹಿಟ್ಟಿನ ಶ್ಯಾವಿಗೆ, ಅಷ್ಟೇ. ಒಂದು ಊರಿನ ಖಾರದ ಪುಡಿಗೆ ಊರನ್ನೇ ಹೆಸರುವಾಸಿ ಮಾಡುವ ಶಕ್ತಿಯಿದೆ ಎಂಬುದು ಬ್ಯಾಡಗಿಯ ಹೆಸರು ಕೇಳಿದವರಿಗೆ ಗೊತ್ತಿಲ್ಲದ್ದೇನೂ ಅಲ್ಲ.

ತೂಕಕ್ಕೆ ಏನು ಗೊತ್ತು?

ಎಲ್ಲಕ್ಕೂ ಒಂದೇ ದರ ಎಂಬುದು ಕೇಳಲು ನ್ಯಾಯವೆನಿಸುತ್ತದೆ. ತುಸು ಯೋಚಿಸಿದರೆ ಅದೊಂದು ಜೂಜು. ತೊಳೆದಿಟ್ಟ ಸೊಪ್ಪಿನ ತೂಕದಲ್ಲಿ ನೀರಿನ ಪಾಲೇ ಹೆಚ್ಚು, ತಾವರೆ ಗೆಡ್ಡೆ ಕಲ್ಲಿನಷ್ಟು ಭಾರ. ಒಣಗಿದ ಸೋಯಾ ಹಾಳೆ ಹಗುರ. ಸಾರು ಕುಡಿದು ಹಿಗ್ಗುವುದು ತೂಕ ಮುಗಿದ ಮೇಲೆ. ಬಲ್ಲ ಗಿರಾಕಿ ಸೊಪ್ಪನ್ನು ಇಕ್ಕಳದಲ್ಲೇ ಝಾಡಿಸಿ ಹಾಕಿಕೊಳ್ಳುತ್ತಾನೆ, ಹೊಸಬ ಕಣ್ಣಿಗೆ ಕಂಡದ್ದನ್ನೆಲ್ಲ ತುಂಬಿ ಗಲ್ಲಾದ ಮುಂದೆ ಬೆಚ್ಚುತ್ತಾನೆ. ಅಂಗಡಿಯವನ ಲಾಭ ಇರುವುದು ಈ ಬೆಚ್ಚುವಿಕೆಯಲ್ಲಿ. ಹಸಿದ ಕಣ್ಣಿಗೆ ಬಟ್ಟಲು ಯಾವತ್ತೂ ಚಿಕ್ಕದು.

ಡಂಕಿನಲ್ಲಿ ಆಟ ತಿರುಗುಮುರುಗು. ಒಣಮೆಣಸಿನಕಾಯಿ ಕಣ್ಣಿಗೆ ಚೀಲ ತುಂಬ, ತಕ್ಕಡಿಯಲ್ಲಿ ಎರಡೇ ಕಿಲೋ. ಗಾತ್ರ ನೋಡಿ ದರ ಹೇಳಿದರೆ ಗಿರಾಕಿ ಸೋಲುತ್ತಾಳೆ, ತೂಕ ನೋಡಿ ಹೇಳಿದರೆ ಹಗಲೆಲ್ಲ ಸೀನುವವನಿಗೆ ಕಡಿಮೆಯೆನಿಸುತ್ತದೆ. ಕಿಲೋ ಲೆಕ್ಕವೇ ನಿಂತಿತು. ಸೇರು, ಅಚ್ಛೇರು, ಪಾಯಲಿಯ ಕಾಲ ಹೋಗಿ ಮೆಟ್ರಿಕ್ ತೂಕ ಬಂದದ್ದು 1956ರ ಕಾಯ್ದೆಯ ನಂತರ. ಆದರೂ ಸೋಲಾಪುರದ ಬಾಯಲ್ಲಿ ‘ಪಾವ್ ಕಿಲೋ’ ಇನ್ನೂ ಗಟ್ಟಿ. ಸೇರಿನ ಕಾಲದ ‘ಪಾವ್’ ಕಿಲೋದ ಹೆಗಲೇರಿ ಕೂತಿದೆ. ಶೇಂಗಾ ಚಟ್ನಿ ಪಾವ್ ಕಿಲೋ, ಫರಸಾಣ ಪಾವ್ ಕಿಲೋ.

ಡಂಕಿನಲ್ಲಿ ಇನ್ನೊಂದು ಶಾಸ್ತ್ರವಿದೆ. ಕುಟ್ಟುವ ಮುಂಚೆ ತೂಗಿದ್ದನ್ನು ಕುಟ್ಟಿದ ಮೇಲೂ ತೂಗುತ್ತಾರೆ. ಮೂರೂವರೆ ಕಿಲೋ ಹೋದದ್ದು ಮೂರೂವರೆ ಆಗಿ ಬರುವುದಿಲ್ಲ. ತುಸು ಧೂಳಾಗಿ ಹಾರಿತು, ತುಸು ಒರಳಿನ ಅಂಚಿಗೆ ಅಂಟಿತು. “ಝಾಡಿಸಿ ಕೊಡೋ, ಒರಳಾಗ ಎಷ್ಟ ಉಳದದ ನೋಡು” ಎಂಬ ಜಗಳವಿಲ್ಲದೆ ಯಾವ ಗಂಟೂ ಮನೆಗೆ ಹೋಗುವುದಿಲ್ಲ.

ಗಿರಣಿಯಲ್ಲಿ ಬೀಸಿಸಿದರೆ ಬೇಗ ಆಗುತ್ತದಲ್ಲ ಎಂದು ಕೇಳಿದರೆ ಹಿರಿಯರು ಮುಖ ಸಿಂಡರಿಸುತ್ತಾರೆ. ಕಲ್ಲಿನ ನಡುವೆ ಉಜ್ಜಿದಾಗ ಹುಟ್ಟುವ ಕಾವಿಗೆ ಮಸಾಲೆಯ ಘಮಲು ಹಾರಿಹೋಗುತ್ತದೆ, ಮೆಣಸಿನಕಾಯಿಯ ಬಣ್ಣ ಮಂಕಾಗುತ್ತದೆ. ಒನಕೆಯ ಪೆಟ್ಟಿನಲ್ಲಿ ಉಜ್ಜಾಟ ಕಡಿಮೆ. ಪುಡಿ ತುಸು ತರಿಯಾಗಿಯೇ ಉಳಿಯುತ್ತದೆ, ಕೊಬ್ಬರಿ, ಎಳ್ಳಿನ ಎಣ್ಣೆ ಹೊರಬಂದು ಅದಕ್ಕೆ ಅಂಟಿಕೊಳ್ಳುತ್ತದೆ. “ಬಾರೀಕ ಬ್ಯಾಡ” ಎಂದ ಮಾಂವಶಿಗೆ ಕಾರಣ ಗೊತ್ತು.

ಮಸಾಲೆ ಡಬ್ಬಿಯ ನೆಂಟಸ್ತಿಕೆ

ಡಂಕಿಗೆ ಬರುವ ಮುಂಚೆ ಮನೆಯಲ್ಲಿ ವಾರದ ಕೆಲಸ. ಸಂತೆಯಿಂದ ಮೆಣಸಿನಕಾಯಿ ತಂದು ಮಾಳಿಗೆಯ ಮೇಲೆ ಹರಡಿ, ಎರಡು ಮೂರು ದಿನ ಬಿಸಿಲಿಗೆ ಗರಿಗರಿ ಒಣಗಿಸಬೇಕು. ಸೋಲಾಪುರದ ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇಲೆ ಒಲೆಯ ಅಗತ್ಯವೇ ಬೀಳುವುದಿಲ್ಲ. ಆಮೇಲೆ ತೊಟ್ಟು ಮುರಿಯುವುದು. ಬೆರಳು ರಾತ್ರಿಯೆಲ್ಲ ಉರಿಯುತ್ತದೆ. ಮಗುವನ್ನು ಎತ್ತಿಕೊಳ್ಳಲು ಹೋದವಳಿಗೆ ಅತ್ತೆ ಗದರುತ್ತಾಳೆ.

ಮೆಣಸಿನಕಾಯಿಯೂ ಒಂದೇ ಜಾತಿಯದಲ್ಲ. ಬಣ್ಣಕ್ಕೆ ಬ್ಯಾಡಗಿ, ಅದರಲ್ಲೂ ಸುಕ್ಕುಗಟ್ಟಿದ, ಖಾರ ಕಡಿಮೆ ಇರುವ ‘ಡಬ್ಬಿ’ ಅಥವಾ ಉದ್ದನೆಯ ‘ಕಡ್ಡಿ’. ಖಾರಕ್ಕೆ ಗುಂಟೂರು ಇಲ್ಲವೇ ಲವಂಗಿ. ನಡುವೆ ಸಂಕೇಶ್ವರಿ. 1912ರಲ್ಲಿ ಅಮೆರಿಕದ ವಿಲ್ಬರ್ ಸ್ಕೋವಿಲ್ ಎಂಬ ಔಷಧ ತಜ್ಞ ಖಾರವನ್ನು ಅಳೆಯುವ ಕ್ರಮವೊಂದನ್ನು ಹೇಳಿಕೊಟ್ಟ. ಆ ಅಳತೆಯಲ್ಲಿ ಬ್ಯಾಡಗಿ ಸುಮಾರು 8,000ದಿಂದ 15,000, ಗುಂಟೂರಿನ ಸನ್ನಂ 35,000ದ ಆಚೆಗೆ. ಮನೆಯ ಹೆಂಗಸು ಸ್ಕೋವಿಲ್‌ನ ಹೆಸರು ಕೇಳಿಲ್ಲ. “ಎರಡು ಕಿಲೋ ಬ್ಯಾಡಗಿಗೆ ಪಾವ್ ಕಿಲೋ ಗುಂಟೂರು, ಹುಡುಗರು ಸಣ್ಣಾವ ಅವ” ಎನ್ನುವಾಗ ಅವಳು ಹಾಕುತ್ತಿರುವ ಲೆಕ್ಕ ಅದೇ. ಮಾಲಾತಾಂಗ್ ಅಂಗಡಿಯಲ್ಲಿ ‘ಸಪ್ಪೆ, ಸಾಧಾರಣ, ಖಾರ, ಅತಿ ಖಾರ’ ಎಂದು ಹೇಳಿ ಆರಿಸುವ ಮೆಟ್ಟಿಲನ್ನು ಇವಳು ಮೆಣಸಿನಕಾಯಿಯ ತೂಕದಲ್ಲೇ ಕಟ್ಟುತ್ತಾಳೆ, ಒಂದು ಊಟಕ್ಕಲ್ಲ, ಮುಂದಿನ ಬೇಸಿಗೆಯವರೆಗೆ.

ಮೆಣಸಿನಕಾಯಿಯ ಜೊತೆಗೆ ಮಸಾಲೆ. ಕೊತ್ತಂಬರಿ ಬೀಜ, ಜೀರಿಗೆ, ಶಹಾಜೀರಿಗೆ, ಒಣಕೊಬ್ಬರಿ, ಎಳ್ಳು, ಗಸಗಸೆ, ಲವಂಗ, ದಾಲ್ಚಿನ್ನಿ, ಚಕ್ರಮೊಗ್ಗು, ದೊಡ್ಡ ಏಲಕ್ಕಿ, ನಾಗಕೇಸರ, ಜಾಪತ್ರೆ, ತಮಾಲಪತ್ರೆ, ಕಲ್ಲುಹೂ. ಒಂದೊಂದನ್ನೂ ಬೇರೆ ಬೇರೆಯಾಗಿ ಎಣ್ಣೆಯಲ್ಲಿ ಹುರಿಯಬೇಕು. ಒಂದರ ಹದ ಇನ್ನೊಂದಕ್ಕಿಲ್ಲ. ಕೊಬ್ಬರಿಯನ್ನೂ ಮಸಾಲೆಯನ್ನೂ ಚೆನ್ನಾಗಿ ಕಂದಿಸಿದರೆ ಮರಾಠಿಯವರು ‘ಕಾಳಾ ಮಸಾಲಾ’ ಎನ್ನುವ ಕರಿ ಖಾರ. ಇಲ್ಲದಿದ್ದರೆ ಕೆಂಪು ಖಾರ.

ಈ ಪಟ್ಟಿಯನ್ನು ಸಿಚುವಾನಿನ ಅಡುಗೆಯವನ ಮುಂದೆ ಹಿಡಿದರೆ ಅರ್ಧವನ್ನು ಅವನು ತನ್ನದೆಂದೇ ಗುರುತಿಸುತ್ತಾನೆ. ಮಾಲಾ ಸಾರಿಗೆ ಬೀಳುವುದೂ ಚಕ್ರಮೊಗ್ಗು, ದಾಲ್ಚಿನ್ನಿಯ ಜಾತಿಯ ಚಕ್ಕೆ, ಲವಂಗ, ದೊಡ್ಡ ಏಲಕ್ಕಿಯ ಬಳಗದ ಕಾಯಿ, ಸೋಂಪು. ಚಕ್ರಮೊಗ್ಗಿನ ಮರ ದಕ್ಷಿಣ ಚೀನಾ, ವಿಯೆಟ್ನಾಂ ಕಡೆಯದು. ದಾಲ್ಚಿನ್ನಿ ಎಂಬ ಹೆಸರನ್ನೇ ಒಡೆದು ನೋಡಿ: ಪಾರಸಿಯ ‘ದಾರ್-ಚೀನಿ’, ಚೀನಾದ ಮರ. ಚೀನಾವನ್ನು ಹೆಸರಿನಲ್ಲೇ ಹೊತ್ತ ಮಸಾಲೆ ಯಾವ ಹೋಟೆಲಿನ ಹಂಗೂ ಇಲ್ಲದೆ ಸೋಲಾಪುರದ ಒರಳಿಗೆ ಬಂದು ಎಷ್ಟೋ ಕಾಲವಾಯಿತು.

ಇನ್ನು ನಾವು ‘ನಮ್ಮದು’ ಎಂದು ಎದೆತಟ್ಟಿಕೊಳ್ಳುವ ಖಾರ? ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಇಳಿಯಿತು. ಚೀನಾಕ್ಕೂ ಅದು ಹೆಚ್ಚುಕಡಿಮೆ ಅದೇ ಶತಮಾನದ ಕೊನೆಗೆ ಮುಟ್ಟಿತು. ಸಿಚುವಾನಿನ ಒಲೆಗೆ ಏರಲು ಇನ್ನೂ ಕಾಲ ಹಿಡಿಯಿತು. ಸೋಲಾಪುರದ ಹೆಸರಿನ ಜೊತೆಗೇ ಬರುವ ಶೇಂಗಾ ಚಟ್ನಿಯಲ್ಲಿ ಶೇಂಗಾವೂ ಅದೇ ಖಂಡದಿಂದ ಬಂದದ್ದು. ಹನ್ನೆರಡನೇ ಶತಮಾನದಲ್ಲಿ ಇದೇ ಊರು ಸೊನ್ನಲಿಗೆಯಾಗಿದ್ದಾಗ, ಸಿದ್ಧರಾಮೇಶ್ವರರು ಕೆರೆ ತೋಡಿಸುತ್ತಿದ್ದಾಗ, ಕೆರೆಯ ಕೆಲಸದವರ ಬುತ್ತಿಯಲ್ಲಿ ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾವೂ ಇರಲಿಲ್ಲ. ಆಗ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಕಾಳುಮೆಣಸಿನ ‘ಮೆಣಸು’ ಎಂಬ ಹೆಸರನ್ನೇ ಹೊಸ ಕಾಯಿಗೂ ಕೊಟ್ಟು ಕನ್ನಡ ಅದನ್ನು ಮನೆಯೊಳಗೆ ಕರೆದುಕೊಂಡಿತು.

ಉರಿಯುವುದು ಬೇರೆ, ಜುಮ್ಮೆನ್ನುವುದು ಬೇರೆ

ಸೋಲಾಪುರದ ನಾಲಗೆ ಮಾಲಾತಾಂಗಿಗೆ ಸೋಲುವುದಾದರೆ ‘ಲಾ’ಕ್ಕೆ ಸೋಲುವುದಿಲ್ಲ, ‘ಮಾ’ಕ್ಕೆ ಸೋಲುತ್ತದೆ.

ಮೆಣಸಿನಕಾಯಿಯ ಖಾರ ರುಚಿಯಲ್ಲ, ನೋವು. ಕಾಯಿಯೊಳಗಿನ ಬಿಳಿ ನಾರಿನಲ್ಲಿ ಹೆಚ್ಚಾಗಿರುವ ಕ್ಯಾಪ್ಸೈಸಿನ್ ಎಂಬ ವಸ್ತು ನಾಲಗೆಯ ನರಗಳಲ್ಲಿ ಬಿಸಿಯನ್ನು ಅರಿಯುವ ಬಾಗಿಲನ್ನೇ ತಟ್ಟುತ್ತದೆ. ಬಿಸಿ ಇಲ್ಲದೆಯೂ ‘ಸುಟ್ಟಿತು’ ಎಂದು ಮೆದುಳಿಗೆ ಸುದ್ದಿ ಹೋಗುತ್ತದೆ. ಆ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಸಂದಿತು. ಕ್ಯಾಪ್ಸೈಸಿನ್ ನೀರಿಗೆ ಕರಗುವುದಿಲ್ಲ, ಜಿಡ್ಡಿಗೆ ಕರಗುತ್ತದೆ. ಆಮಟಿ ಎಂಬ ಸಾರಿನ ಮೇಲೆ ತೇಲುವ ಕೆಂಪೆಣ್ಣೆಯ ತರ್ರಿ ಅಷ್ಟು ಚುರುಕಾಗಿರುವುದು ಅದಕ್ಕೇ. ಚೊಂಬುಗಟ್ಟಲೆ ನೀರು ಕುಡಿದರೂ ಬಾಯಿ ಉರಿ ಆರದಿರುವುದೂ ಅದಕ್ಕೇ. ಖಾನಾವಳಿಯ ತಾಟಿನಲ್ಲಿ ಒಂದು ವಾಟಿ ಮೊಸರು ಯಾಕಿದೆ ಎಂದು ಯಾರೂ ಕೇಳುವುದಿಲ್ಲ.

‘ಮಾ’ ತರುವ ಸಿಚುವಾನ್ ಮೆಣಸು ಬೇರೆಯೇ ಜಾತಿ. ಕಾಳುಮೆಣಸಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಅದು ನಿಂಬೆಯ ಕುಟುಂಬದ ಗಿಡದ ಕಾಯಿ ಸಿಪ್ಪೆ. ಬಾಯಿಗೆ ಹಾಕಿಕೊಂಡರೆ ಮೊದಲು ನಿಂಬೆಯ ಪರಿಮಳ, ಆಮೇಲೆ ತುಟಿಯ ತುದಿಯಲ್ಲಿ ಇರುವೆ ಹರಿದಂತೆ, ಕೊನೆಗೆ ನಾಲಗೆ ಇದೆಯೋ ಇಲ್ಲವೋ ಎಂಬಂತೆ. ಅದರೊಳಗಿನ ಸ್ಯಾನ್‌ಶೂಲ್ ಎಂಬ ವಸ್ತು ಸ್ಪರ್ಶದ ನರಗಳನ್ನು ಕೆರಳಿಸುತ್ತದೆ. 2013ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು ಈ ಜುಮ್ಮನ್ನು ಬೆರಳಿಗೆ ತಾಗಿಸಿದ ಯಂತ್ರದ ಕಂಪನದ ಜೊತೆ ಹೋಲಿಸಿ ನೋಡಿದರು. ಸೆಕೆಂಡಿಗೆ ಸುಮಾರು 50 ಸಲದ ಕಂಪನಕ್ಕೆ ಅದು ಸಮನಾಯಿತು. ನಮ್ಮ ಮನೆಗೆ ಬರುವ ಕರೆಂಟೂ 50 ಹರ್ಟ್ಸಿನದೇ. ನಾಲಗೆಗೆ ಕರೆಂಟು ಹೊಡೆದಂತಾಯಿತು ಎಂದು ಮೊದಲ ಸಲ ತಿಂದವರು ಹೇಳುವ ಮಾತು ಬರೀ ಅಲಂಕಾರವಲ್ಲ.

ಈ ಕಾಯಿಯ ಸೋದರಿ ನಮ್ಮಲ್ಲೂ ಇದ್ದಾಳೆ. ಪಶ್ಚಿಮ ಘಟ್ಟದ ಮುಳ್ಳುಮರವೊಂದರ ಕಾಯಿಯನ್ನು ಕೊಂಕಣದವರು ತಿರಫಳ ಎಂದು ಮೀನಿನ ಸಾರಿಗೆ ಹಾಕುತ್ತಾರೆ. ಕನ್ನಡದಲ್ಲಿ ಅದರ ಹೆಸರು ಜುಮ್ಮನಕಾಯಿ. ಲಂಡನ್ನಿನವರು ಯಂತ್ರವಿಟ್ಟು ಅಳೆದದ್ದನ್ನು ಘಟ್ಟದ ಜನ ಹೆಸರಿಡುವಾಗಲೇ ಹೇಳಿ ಮುಗಿಸಿದ್ದರು. ಆದರೆ ಘಟ್ಟ ಇಳಿದು ಬಯಲುಸೀಮೆಗೆ, ಅದರಲ್ಲೂ ಸೋಲಾಪುರದ ಮಸಾಲೆ ಡಬ್ಬಿಗೆ, ಅದು ಅಷ್ಟಾಗಿ ಬರಲಿಲ್ಲ. ನಮ್ಮ ಕಡೆ ಖಾರವೆಂದರೆ ಉರಿ, ಬರೀ ಉರಿ.

ಗಾಡಿಯ ಮೇಲಿನ ಚೀನಾ

ಸೋಲಾಪುರದಲ್ಲಿ ಚೀನಾ ಊಟ ಸಿಗುವುದಿಲ್ಲವೇ? ಸಂಜೆಯಾದರೆ ಚೌಕ ಚೌಕದಲ್ಲೂ ಸಿಗುತ್ತದೆ, ಡ್ರ್ಯಾಗನ್ ಚಿತ್ರದ ಕೆಂಪು ಗಾಡಿಯ ಮೇಲೆ. ಫಲಕದಲ್ಲಿ ಬರೆದ ‘ಶೆಜವಾನ್’ ಎಂದರೆ ಇದೇ ಸಿಚುವಾನ್, ಇಂಗ್ಲಿಷರ ಹಳೆಯ ಕಾಗುಣಿತ ನಮ್ಮ ಬಾಯಲ್ಲಿ ಹೊರಳಿದ್ದು. ಆ ಕೆಂಪು ಚಟ್ನಿಯಲ್ಲಿ ಒಣಮೆಣಸಿನಕಾಯಿ ಇದೆ, ಬೆಳ್ಳುಳ್ಳಿ, ಶುಂಠಿ, ವಿನೆಗರ್ ಇವೆ. ಸಿಚುವಾನ್ ಮೆಣಸು ಮಾತ್ರ ಇಲ್ಲ. ಗೋಬಿ ಮಂಚೂರಿಯ ಅಜ್ಜನೆನ್ನಬಹುದಾದ ಚಿಕನ್ ಮಂಚೂರಿಯನ್ ಹುಟ್ಟಿದ್ದೂ ಮಂಚೂರಿಯಾದಲ್ಲಲ್ಲ. ಕೋಲ್ಕತ್ತದಲ್ಲಿ ಬೆಳೆದ ನೆಲ್ಸನ್ ವಾಂಗ್ ಎಂಬ ಅಡುಗೆಯವರು 1970ರ ದಶಕದಲ್ಲಿ ಮುಂಬೈಯಲ್ಲಿ ಮಾಡಿದ್ದು ಅದು. ಚೀನಾದ ಊಟ ನಮ್ಮ ಊರಿಗೆ ಬರುವಷ್ಟರಲ್ಲಿ ನಮ್ಮ ಖಾರ ಹಾಕಿಕೊಂಡೇ ಬಂದಿತ್ತು.

ಗಾಡಿಯ ಮುಂದೆ ನಿಂತವನು “ಜರಾ ತಿಖಟ್ ಮಾಡಪಾ” ಎನ್ನುತ್ತಾನೆ, ಅಷ್ಟೇ. ಎಷ್ಟು, ಯಾವುದು ಎಂಬುದು ಗಾಡಿಯವನ ಸೌಟಿಗೆ ಬಿಟ್ಟದ್ದು. ಖಾರವನ್ನು ತಾನೇ ಕಟ್ಟುವ ಅಧಿಕಾರ ಈ ಊರಿನಲ್ಲಿ ಬೀದಿಗೆ ಬಂದೇ ಇಲ್ಲ. ಅದು ಮನೆಯ ಹೆಂಗಸರ ಕೈಯಲ್ಲಿದೆ, ಡಂಕಿನ ಮುಂದಿನ ಪಾಳಿಯಲ್ಲಿದೆ.

ಕುಟ್ಟಿದ್ದು ತಾಟಿಗೆ ಬಂದಾಗ

ಜವಾರಿ ಜೋಳದ ಸೀಮೆ ಇದು. ‘ಮಾಲದಂಡಿ’ ಎಂಬ ಹೆಸರುವಾಸಿ ಹಿಂಗಾರಿ ಜೋಳದ ‘ಎಂ 35-1’ ತಳಿಯನ್ನು ಆರಿಸಿ ಬೆಳೆಸಿದ್ದು ಸೋಲಾಪುರ ಜಿಲ್ಲೆಯ ಮೊಹೋಳದಲ್ಲಿ, 1930ರ ದಶಕದಲ್ಲಿ. ಆ ಜೋಳದ ಮೆತ್ತನೆಯ ರೊಟ್ಟಿ ಒಂದು ಬಗೆ. ಕಾಗದದಷ್ಟು ತೆಳ್ಳಗೆ ಬಡಿದು ಗರಿಗರಿ ಒಣಗಿಸಿ ವಾರಗಟ್ಟಲೆ ಇಡುವ ಕಡಕ್ ರೊಟ್ಟಿ ಇನ್ನೊಂದು. ರೊಟ್ಟಿ ಎಣಿಕೆಯಲ್ಲಿ ಮಾರಾಟ, ಅದರ ಪಕ್ಕದ ಶೇಂಗಾ ಚಟ್ನಿ ತೂಕದಲ್ಲಿ.

ಮಾಲಾತಾಂಗಿಗೆ ಹತ್ತಿರದ ಊಟ ಇಲ್ಲಿ ಯಾವುದೆಂದು ಕೇಳಿದರೆ ನಾನು ತೋರಿಸುವುದು ಕಡಕ್ ರೊಟ್ಟಿಯನ್ನು ಮುರಿದು ಹಾಕಿದ ಆಮಟಿಯ ಬಟ್ಟಲು. ನೋಡಿ, ಉಣ್ಣುವವನ ಕೈ ಏನು ಮಾಡುತ್ತದೆ. ಮೊದಲು ರೊಟ್ಟಿಯನ್ನು ಅಂಗೈಯಲ್ಲಿ ಹಿಸುಕಿ ಚೂರು ಮಾಡಿ ಆಳವಾದ ತಾಟಿಗೆ ಹಾಕುತ್ತಾನೆ. ಮೇಲೆ ಸುಡುಸುಡು ಆಮಟಿ, ತರ್ರಿಸಮೇತ. ಒಂದು ನಿಮಿಷ ಬಿಡುತ್ತಾನೆ. ಪೂರ್ತಿ ಮೆತ್ತಗಾಗಬಾರದು, ನಡುವೆ ಅಲ್ಲಲ್ಲಿ ಕಟುಂ ಎನ್ನಬೇಕು. ಆಮೇಲೆ ಹಸಿ ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು ಪಕ್ಕಕ್ಕೆ, ಮೇಲೆ ಒಂದು ಚಿಟಿಕೆ ಶೇಂಗಾ ಹಿಂಡಿ, ಬೇಕಾದರೆ ಮೊಸರು. ಯಾವುದು ಎಷ್ಟು ಎಂದು ಯಾರೂ ಹೇಳಿಕೊಟ್ಟಿಲ್ಲ. ಪ್ರತಿ ತುತ್ತೂ ಹೊಸದಾಗಿ ಕಟ್ಟಿದ್ದು. ಮಟನ್ ದಿನವಾದರೆ ಆಮಟಿಯ ಜಾಗಕ್ಕೆ ಕರಿ ಖಾರದ ರಸ್ಸಾ. ಕೈ ಮಾಡುವ ಕೆಲಸ ಅದೇ.

ಈ ಸೀಮೆಯಲ್ಲಿ, ಮರಾಠವಾಡಾದ ಅಂಚಿನಲ್ಲಿ ‘ಯೇಸರ್ ಆಮಟಿ’ ಎಂಬುದೊಂದಿದೆ. ಧಾನ್ಯ, ಬೇಳೆ, ಮಸಾಲೆಗಳನ್ನು ಹುರಿದು ಬೀಸಿಟ್ಟುಕೊಂಡ ಹಿಟ್ಟನ್ನು ಕುದಿನೀರಿಗೆ ಹಾಕಿದರೆ ಸಾರು ಸಿದ್ಧ. ಮದುವೆ, ಜಾತ್ರೆಯಲ್ಲಿ ಎಷ್ಟು ಪಂಗತಿ ಎದ್ದರೂ ನೀರು, ಹಿಟ್ಟು ಸೇರಿಸಿ ಬೆಳೆಸುತ್ತ ಹೋಗಬಹುದಾದ ಸಾರು. ಮರಾಠಿಯ ಆ ‘ಯೇಸರ್’ ಕೇಳಿದಾಗಲೆಲ್ಲ ನನ್ನ ಕಿವಿಗೆ ನಮ್ಮ ‘ಎಸರು’ ಬಂದು ಬೀಳುತ್ತದೆ. ಒಲೆಯ ಮೇಲೆ ಎಸರು ಇಟ್ಟ ಮೇಲೆ ಅದು ಯಾವ ಭಾಷೆಯಲ್ಲಿ ಕುದಿಯುತ್ತದೆ ಎಂದು ಸೋಲಾಪುರದಲ್ಲಿ ಹೇಳುವುದು ಕಷ್ಟ. ಕನ್ನಡದವರು ಸಾರು ಎಂದದ್ದನ್ನು ಮರಾಠಿಯವರು ಆಮಟಿ ಎನ್ನುತ್ತಾರೆ, ಗಿರಣಿ, ಮಗ್ಗದ ಕೆಲಸಕ್ಕೆ ಬಂದು ನೆಲೆಸಿದ ತೆಲುಗಿನ ಪದ್ಮಶಾಲಿಗಳ ಮನೆಯಲ್ಲಿ ಅದು ಪುಲುಸು, ಮುಸಲ್ಮಾನರ ಮನೆಯಲ್ಲಿ ಸಾಲನ್. ನಾಲ್ಕೂ ಮನೆಯ ಖಾರದ ಗಂಟುಗಳು ಡಂಕಿನ ಒಂದೇ ಕಟ್ಟೆಯ ಮೇಲೆ ಪಾಳಿ ಹಚ್ಚುತ್ತವೆ.

ತಕ್ಕಡಿ ಇಲ್ಲದ ಪಂಗತಿ

ಸೋಲಾಪುರದಿಂದ ವಳಸಂಗ ದಾಟಿ ನಲವತ್ತು ಕಿಲೋಮೀಟರ್ ಹೋದರೆ ಅಕ್ಕಲಕೋಟೆ. ಕನ್ನಡ ಮಾತಿನ ತಾಲ್ಲೂಕು; 1967ರಲ್ಲಿ ಮಹಾಜನ ಆಯೋಗ ಕರ್ನಾಟಕಕ್ಕೆ ಸೇರಲಿ ಎಂದು ಶಿಫಾರಸು ಮಾಡಿದ ಊರುಗಳ ಪಟ್ಟಿಯಲ್ಲಿ ಇದೂ ಇತ್ತು. ದುಧನಿ, ಮೈಂದರ್ಗಿಯ ಸಂತೆಯಲ್ಲಿ ಈಗಲೂ ಚೌಕಾಸಿ ನಡೆಯುವುದು ಕನ್ನಡದಲ್ಲೇ. ಬೇಸಿಗೆಯಲ್ಲಿ ಇಲ್ಲಿಯೂ ಮೆಣಸಿನಕಾಯಿ ಮಾಳಿಗೆ ಏರುತ್ತದೆ, ಡಂಕ್ ಸದ್ದು ಮಾಡುತ್ತದೆ.

ಆದರೆ ಹೊರಗಿನವರು ಅಕ್ಕಲಕೋಟೆಗೆ ಬರುವುದು ಸ್ವಾಮಿ ಸಮರ್ಥರಿಗಾಗಿ. ಹತ್ತೊಂಬತ್ತನೇ ಶತಮಾನದ ನಡುವೆ ಈ ಊರಿಗೆ ಬಂದು, 1878ರಲ್ಲಿ ಇಲ್ಲಿಯೇ ದೇಹವಿಟ್ಟವರು ಅವರು. ವಟವೃಕ್ಷದ ಗುಡಿಯಲ್ಲಿ ದರ್ಶನ ಮುಗಿಸಿದ ಜನ ಸಾಲಾಗಿ ನಡೆಯುವುದು ಅನ್ನಛತ್ರದ ಕಡೆಗೆ. ಸ್ವಾಮಿ ಸಮರ್ಥ ಅನ್ನಛತ್ರ ಮಂಡಳ 1988ರಲ್ಲಿ ಶುರುವಾಯಿತು. ಬಂದ ಭಕ್ತರಿಗೆಲ್ಲ ಉಚಿತ ಊಟ.

ಅಲ್ಲಿ ಕೂತಾಗ ಮಾಲಾತಾಂಗಿನ ನಿಯಮಗಳೆಲ್ಲ ಒಂದೊಂದಾಗಿ ಕಳಚಿ ಬೀಳುತ್ತವೆ. ಆರಿಸುವುದಿಲ್ಲ; ಬಡಿಸಿದ್ದೇ ಊಟ. ತೂಗುವುದಿಲ್ಲ, ಹೊಟ್ಟೆಯೇ ತೂಕ. ದರವಿಲ್ಲ. ಖಾರ ಎಷ್ಟಿರಲಿ ಎಂದು ಯಾರೂ ಕೇಳುವುದಿಲ್ಲ. ಒಂದು ಕೊಪ್ಪರಿಗೆಯ ಆಮಟಿ ಪುಣೆಯಿಂದ ಬಂದ ಮಗುವಿನ ಬಾಯಿಗೂ ಹಿಡಿಸಬೇಕು, ಮೈಂದರ್ಗಿಯ ರೈತನ ನಾಲಗೆಗೂ ಹತ್ತಬೇಕು. ಮನೆಯಲ್ಲಿ ‘ಖಾರ ಕಡಿಮಿ ಆತು’ ಎಂದು ತಾಟು ಸರಿಸುವವನು ಇಲ್ಲಿ ಮಾತಿಲ್ಲದೆ ಉಂಡು ಏಳುತ್ತಾನೆ. ಆರಿಸುವ ಹಕ್ಕು ಇಲ್ಲದ ಕಡೆ ಕೊಸರುವ ಹಕ್ಕೂ ಇರುವುದಿಲ್ಲ. ವಿಚಿತ್ರವೆಂದರೆ ಅದರಿಂದ ಯಾರಿಗೂ ಕೊರತೆಯಾದಂತೆ ಕಾಣುವುದಿಲ್ಲ.

ಈ ಎರಡು ತುದಿಗಳ ನಡುವೆ ಡಂಕ್ ನಿಂತಿದೆ. ಒಂದು ತುದಿಯಲ್ಲಿ ‘ನನ್ನ ಬಟ್ಟಲು, ನನ್ನ ಖಾರ’ ಎನ್ನುವ ಅಂಗಡಿ. ಇನ್ನೊಂದು ತುದಿಯಲ್ಲಿ ಎಲ್ಲರಿಗೂ ಒಂದೇ ಕೊಪ್ಪರಿಗೆ. ಮಾಂವಶಿಯ ಖಾರ ಅವಳದೇ. ನೆರೆಮನೆಯವಳಿಗೂ ಅದರ ಲೆಕ್ಕ ಪೂರ್ತಿ ಹೇಳಲಾರಳು. ಮಗಳ ಮದುವೆಯಾದರೆ ಮೊದಲ ಬೇಸಿಗೆಗೆ ಒಂದು ಡಬ್ಬಿ ಖಾರ ಹೋಗುತ್ತದೆ, ಗಂಡನ ಮನೆಯ ಸಾರಿನಲ್ಲಿ ತವರಿನ ರುಚಿ ಕೆಲವು ತಿಂಗಳಾದರೂ ಇರಲಿ ಎಂದು. ಇಷ್ಟೆಲ್ಲ ತನ್ನದಾದ ಖಾರವನ್ನು ಅವಳು ಕುಟ್ಟಿಸುವುದು ಮಾತ್ರ ಎಲ್ಲರ ಒರಳಿನಲ್ಲಿ.

ಕಟ್ಟೆಯ ಮುಂದೆ ಅವಳ ಗಂಟು ಮುಗಿಯಿತು. ಬಿಸಿಬಿಸಿ ಪುಡಿಯನ್ನು ಡಬ್ಬಿಗೆ ಸುರಿದು, ಒರಳನ್ನು ಮೋಟು ಪೊರಕೆಯಿಂದ ಝಾಡಿಸಿ, ಮತ್ತೆ ತೂಗಿ ಕೊಟ್ಟ. ಐವತ್ತು ಗ್ರಾಂ ಕಡಿಮೆ. ಅವಳು ಬಗ್ಗಿ ಒರಳೊಳಗೆ ನೋಡಿದಳು. ತಳದ ಮೂಲೆಯಲ್ಲಿ ಪೊರಕೆಗೂ ಸಿಗದ ಕೆಂಪು, ಒಂದು ಚಿಟಿಕೆಯಷ್ಟು.

“ಹೋಗ್ಲಿ ಬಿಡು,” ಎಂದಳು. “ನಮಗೂ ಯಾರದೋ ಬಂದಿರ್ತದ.”

ಹಿಂದಿನವಳು ತನ್ನ ಗಂಟು ಬಿಚ್ಚುತ್ತ ಮುಂದೆ ಬಂದಳು. ಬಂದವಳೇ ಕೇಳಿದಳು: “ಇವ್ರದರಾಗ ಬಳ್ಳೊಳ್ಳಿ ಇತ್ತೇನೋ?”